ತಿರುವಿ ಹೊಲಿಸಿದ ಕೋಟು

ಕಳೆದ ಭಾನುವಾರ ನಾನು ಬೀಗರಾಗಬಹುದಾದವರ ಎದುರು ಎದೆ ಹಿಡಿದುಕೊಂಡೇ ಕೂತಿದ್ದೆ. (ಗಾಬರಿಯಾಗಬೇಡಿ, ಹಾರ್ಟು ಗಟ್ಟಿಮುಟ್ಟಾಗಿದೆ.) ಕೈ ಅಡ್ಡ ಇಟ್ಟದ್ದು ನೋವಿಗಲ್ಲ, ಕಿಸೆ ಮುಚ್ಚಲಿಕ್ಕೆ.

ನನ್ನ ತಂಗಿ ಸುಶೀಲಾಳನ್ನು ನೋಡಲು ಖಾನಾಪುರದ ಕಡೆಯವರು ಬರುವವರಿದ್ದರು. ಹುಡುಗ ಮಹಾದೇವ, ಜಾಂಬೋಟಿಯಲ್ಲಿ ಮಾಸ್ತರ. ತಂದೆ ಈರಪ್ಪನವರು, ಗುಂಜಿಯಲ್ಲಿ ಭತ್ತ ಬೆಳೆಯುವವರು. ಇದಕ್ಕೂ ಮೊದಲು ಬಂದುಹೋದ ಗಂಡಿನವರು 'ಮನಿ ತೀರಾ ಸಾದಾ ಐತಿ' ಎಂದು ಹೇಳಿ ಕಳಿಸಿದ್ದರು. ಅದನ್ನು ಕೇಳಿದ ಮೇಲೆ ಸುಶೀಲಾ ಎಷ್ಟೋ ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಿರಲಿಲ್ಲ.

ಹಾಗಾಗಿ ಈ ಸಲ ನನ್ನ ಹೆಂಡತಿ ಗಿರಿಜಾ ಟೊಂಕ ಕಟ್ಟಿ ನಿಂತಳು. ಮಲ್ಲಿಗೆ ಬಳ್ಳಿ ನೆಟ್ಟಿದ್ದ ಎಣ್ಣೆ ಡಬ್ಬಿ ಹಿತ್ತಲಿಗೆ ಹೋಯಿತು. ಗೋಣಿತಾಟಿನ ಕಾಲೊರಸು ಮಂಚದ ಕೆಳಗೆ. ನನ್ನ ಹಳೇ ಪ್ಯಾಂಟಿನಿಂದ ಹೊಲಿದ ಸಂತೆಚೀಲ ಕಪಾಟಿನೊಳಗೆ.

ಉಳಿದವನು ನಾನು.

"ಕೋಟ್ ಹಾಕ್ಕೋರಿ," ಅಂದಳು.

ಯಾವ ಕೋಟು? ಇದ್ದದ್ದು ತೀರಿಕೊಂಡ ನಮ್ಮಪ್ಪನ ಉಲ್ಲನ್ ಕೋಟು. ಬಣ್ಣ ಯಾವುದೆಂದು ಕೋಟಿಗೇ ಮರೆತುಹೋಗಿತ್ತು. ಗಿರಿಜಾ ಅದನ್ನು ಬೆಳಗಾವಿಯ ನಮ್ಮ ವಡಗಾವಿ ಓಣಿಯ ಟೇಲರ್ ಹತ್ತಿರ ಒಯ್ದು, ಪೂರ್ತಿ ಬಿಚ್ಚಿಸಿ, ಒಳಮಗ್ಗುಲು ಹೊರಗೆ ಬರುವಂತೆ ತಿರುವಿ ಹೊಲಿಸಿದಳು. ಏನು ಹೊಳಪು ಅಂತೀರಿ. ಒಂದೇ ತೊಂದರೆ. ತಿರುವಿದರೆ ಎಡಕ್ಕಿದ್ದ ಎದೆಕಿಸೆ ಬಲಕ್ಕೆ ಬರುತ್ತದೆ. ತಿಳಿದವರು ನೋಡಿದರೆ ಕೋಟಿನ ಜಾತಕವೇ ಬಯಲು.

"ಕೈ ಅಡ್ಡ ಇಟ್ಕೊಂಡು ಕುಂದರ್ರಿ, ಯಾರಿಗೂ ಗೊತ್ತಾಗೂದಿಲ್ಲ," ಎಂದು ಅವಳೇ ಉಪಾಯ ಹೇಳಿದಳು.

ಕೂತೆ. ಈರಪ್ಪನವರೂ ಕೋಟು ಹಾಕಿಕೊಂಡೇ ಬಂದಿದ್ದರು. ಮೇಲೊಂದು ದೊಡ್ಡ ಶಲ್ಯ. ಬೆವರು ಇಳಿಯುತ್ತಿದ್ದರೂ ಅವರು ಶಲ್ಯ ತೆಗೆಯಲಿಲ್ಲ. ನಾನು ಕೈ ತೆಗೆಯಲಿಲ್ಲ. ಮಾತು ಮಳೆ, ಭತ್ತ, ರೈಲು ಎಂದು ಸುತ್ತಿ ಸುತ್ತಿ ಸುಸ್ತಾಯಿತು.

"ಎದಿ ನೋವೇನ್ರಿ?" ಕೊನೆಗೆ ಅವರೇ ಕೇಳಿದರು.

"ಇಲ್ರಿ, ಹಿಂಗ ರೂಢಿ."

ಅಷ್ಟರಲ್ಲಿ ಸುಶೀಲಾ ಶಿರಾ ತಂದಳು. ತಾಟು ತೆಗೆದುಕೊಳ್ಳಲು ಇಬ್ಬರೂ ಕೈ ಚಾಚಿದೆವು. ನನ್ನ ಕೈ ಸರಿಯಿತು, ಅವರ ಶಲ್ಯ ಜಾರಿತು. ಅವರ ಕೋಟಿನ ಕಿಸೆಯೂ ಬಲಕ್ಕೇ ಇತ್ತು.

ಅವರು ನನ್ನ ಕಿಸೆ ನೋಡಿದರು. ನಾನು ಅವರದ್ದು. ಮಹಾದೇವ ಮಾಸ್ತರ ತಲೆ ಎತ್ತಿ ಮಾಡಿನ ಜಂತಿ ನೋಡಿದ.

"ನಿಮ್ದೂ ತಿರುವಿದ್ದೇನ್ರಿ?" ಈರಪ್ಪನವರು ಮೆಲ್ಲಗೆ ಕೇಳಿದರು.

"ಹೌದ್ರಿ. ನಮ್ಮಪ್ಪಂದು."

"ಇದು ನನ್ನ ಲಗ್ನದ್ದರಿ. ಬೆಳಗಾವಿ ಮಂದಿ ಮುಂದ ಚೊಲೋ ಕಾಣಬೇಕು ಅಂತ ನಮ್ಮಾಕಿ ಗಂಟುಬಿದ್ದು ಹೊಲಿಸಿದ್ಲು."

ಶಲ್ಯ ತೆಗೆದು ಬಾಜೂಕ್ಕಿಟ್ಟು, ಹೊಟ್ಟೆ ಕುಣಿಯುವಂತೆ ನಕ್ಕರು. ನಾನೂ ನಕ್ಕೆ. ಏನಾಯಿತೋ ಎಂದು ಗಿರಿಜಾ ಅಡುಗೆಮನೆಯಿಂದ ಇಣುಕಿದಳು.

ಸುಶೀಲಾ ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ನಿಲ್ಲು ಎಂದು ಹೇಳಿಕೊಟ್ಟಿದ್ದೆವು. ಅವಳು ಸೀದಾ ಮಹಾದೇವನನ್ನೇ ನೋಡಿದಳು.

"ನಾನೂ ಒಂದ್ ಮಾತ ಹೇಳ್ತೀನ್ರಿ. ಈ ಬಾಗಲಾ ಪಡದೆ ನಮ್ಮ ಗಿರಿಜಾ ವೈನಿ ಹಳೇ ಸೀರಿ. ಕಾಲೊರಸು ಮಂಚದ ಬುಡಕ ಐತಿ, ಅದು ಗೋಣಿತಾಟಿಂದು. ಎಲ್ಲಾ ನಾನ ಹೊಲದಿದ್ದು. ಮುಂದೂ ಹಿಂಗ ಹೊಲಕೋತ ಇರಾಕಿ ನಾ. ಇದು ನಿಮಗ ಸಾದಾ ಅನಿಸಿದ್ರ ಈಗ ಹೇಳಿಬಿಡ್ರಿ."

ಗಿರಿಜಾ ಹಣೆಗೆ ಕೈಹಚ್ಚಿಕೊಂಡಳು. ಇದೂ ಮುರಿಯಿತು ಅಂತಲೇ ನಾನು ತಿಳಿದೆ.

ಮಹಾದೇವ ತಾಟು ಕೆಳಗಿಟ್ಟ. "ಜಾಂಬೋಟಿ ಮಳಿಯಾಗ ನನ್ನ ಖೋಲಿ ಸೋರತೈತ್ರಿ. ಗೊಬ್ಬರದ ಚೀಲ ಜೋಡಿಸಿ ಹೊಲದು ಹಂಚಿನ ಬುಡಕ ಕಟ್ಟೇನಿ. ಹೊಲಿಗಿ ಪೂರಾ ಸೊಟ್ಟ ಆಗೇತಿ. ನೋಡಿ ನಗಬಾರದು, ಅಷ್ಟ."

ಈಗ ಸುಶೀಲಾ ನಕ್ಕಳು. ನೋಡಲಿಕ್ಕೂ ಮೊದಲೇ.

ಮೊನ್ನೆ ಈರಪ್ಪನವರು ಹೇಳಿ ಕಳಿಸಿದ್ದಾರೆ, ದೀಪಾವಳಿ ಆದಮೇಲೆ ಲಗ್ನ.

ಈಗ ಎಲ್ಲೆಲ್ಲೂ ರೆಡಿಮೇಡ್ ಅಂಗಡಿ. ಬರಲಿ ಬಿಡಿ, ಬೇಡ ಅನ್ನಲು ನಾನ್ಯಾರು? ಆದರೆ ಎಸೆಯುವ ಮುಂಚೆ 'ಇದರಿಂದ ಇನ್ನೇನಾದರೂ ಆದೀತೇ?' ಎಂದು ನೋಡುವುದು ನಮ್ಮ ಮನೆಗಳ ದಿನದ ಕೆಲಸ. (ನಿಮ್ಮಲ್ಲೂ ಹಾಗೇ ತಾನೇ?) ಸೀರೆ ಕೌದಿಯಾಗುತ್ತದೆ, ಕೌದಿ ಹರಿದರೆ ಕೂಸಿನ ಹಾಸಿಗೆ, ಅದೂ ಹರಿದರೆ ನೆಲ ಒರೆಸುವ ಅರಿವೆ.

ಇಷ್ಟು ಜಾಣತನದಿಂದ ಸಂಸಾರ ನಡೆಸುವ ನಮಗೆ, ಅದು ನಾಲ್ಕು ಜನಕ್ಕೆ ಗೊತ್ತಾಗುತ್ತದೆ ಅಂದಕೂಡಲೇ ನಾಚಿಕೆ ಯಾಕೆ?