ರಾಯರ ಗಿಟಾರಿನ ತಲೆ

ಜನಕಪುರಿಯ ನಮ್ಮ ಮೇಲಿನ ಮನೆಯಲ್ಲಿ ರಿಟೈರಾದ ರಾಯರು ಒಬ್ಬರೇ ಇದ್ದಾರೆ. ಎದುರುಮನೆಯ ವಿಧವೆ ಕಮಲಾ ದಿನಾ ಮಧ್ಯಾಹ್ನ ಅಲ್ಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ ನಾನು ಸುಮ್ಮನಿರಲಾ? ಉಪ್ಪಿನಕಾಯಿ ಬಟ್ಟಲು ಹಿಡಿದು ಹೋಗಿ ಬಾಗಿಲು ತಳ್ಳಿಯೇಬಿಟ್ಟೆ.

ಒಳಗೆ ರಾಯರು ಗಿಟಾರು ಮಾಡುತ್ತಿದ್ದರು! ಅದರ ತಲೆಯಲ್ಲಿ ತಂತಿ ಸುತ್ತುವ ಬಿರಡೆಗಳಿಗೆ ಎರಡು ಉದ್ದನೆಯ ಕಿಂಡಿ ಕೊರೆಯಬೇಕಂತೆ. ಒಂದು ಮುಗಿದಿತ್ತು. ಇನ್ನೊಂದಕ್ಕೆ ಉಳಿ ಇಟ್ಟಿದ್ದರು. ಕಮಲಾ ಎರಡೂ ಕೈಯಲ್ಲಿ ಮರ ಹಿಡಿದಿದ್ದಳು.

“ಬಾಗಿಲು ಯಾಕೆ ಹಾಕಿದ್ದು?” ಎಂದೆ.

“ಮರದ ಪುಡಿ ಸಂಡಿಗೆ ಮೇಲೆ ಬೀಳುತ್ತೆ ಅಂತ ಜಗಳ ಆಡಿದ್ದು ನೀವೇ ಅಲ್ವಾ ಅಮ್ಮ?” ಎಂದರು ರಾಯರು. “ಹೋದ ತಿಂಗಳು ಮರ ಅಲುಗಿ ಒಂದು ತಲೆ ಸೀಳಿತು. ಇದೂ ಸೀಳಿದರೆ ನಾನು ಕೈಬಿಟ್ಟೆ.”

“ಕೈಯಲ್ಲಿ ಹಿಡಿದರೆ ಅಲುಗದೆ ಇನ್ನೇನು? ಕಮಲಾ, ಹಟೋ, ಆಚೆ ಸರಿ!”

ಮರವನ್ನು ನೆಲದ ಹಲಗೆಗೆ ಇಳಿಸಿ, ಇನ್ನೂ ಕೆತ್ತದ ಅದರ ದಪ್ಪ ಕತ್ತಿನ ಮೇಲೆ, ಕಾಯಿ ತುರಿಯುವ ಮಣೆಯ ಮೇಲೆ ಕೂತ ಹಾಗೆ ಕೂತೆ.

“ಈಗ ಹೊಡೀರಿ. ಕಿಂಡಿ ಮುಗಿಯೋವರೆಗೂ ನಾನು ಏಳಲ್ಲ.”

ರಾಯರು ಅರ್ಧ ಕೊರೆದು, ನನ್ನನ್ನು ಒಮ್ಮೆ ಎಬ್ಬಿಸಿ ಮರ ಮಗುಚಿ, ಮತ್ತೆ ಕೂರಿಸಿ, ಆ ಕಡೆಯಿಂದ ಕೊರೆದರು. ನನ್ನ ಮಂಡಿ ಸತ್ತೇ ಹೋಯಿತು. ಕೊನೆಗೆ ಕಿಂಡಿಯಲ್ಲಿ ಬೆಳಕು ಕಂಡಿತು. ತಲೆ ಸೀಳಲಿಲ್ಲ.

ಕೆದರಿದ ಕೂದಲು, ಸುಕ್ಕಾದ ಸೀರೆಯಲ್ಲಿ ಇಳಿದು ಬಂದೆ. ಕೆಳಗೆ ತರಕಾರಿ ಕೊಳ್ಳುತ್ತಿದ್ದ ಹೆಂಗಸರು ಮಾತು ನಿಲ್ಲಿಸಿ ನೋಡಿದರು.

ರಾಯರಿಗೆ ಈಗ ಇಬ್ಬರು ಅನ್ನುವ ಸುದ್ದಿ ನನ್ನ ಕಿವಿಗೆ ಬರಲು ಎರಡು ದಿನ ಹಿಡಿಯಿತು. ನಾನಾಗಿದ್ದರೆ ಸಂಜೆಯೊಳಗೆ ಮುಟ್ಟಿಸುತ್ತಿದ್ದೆ.