ಕೌದಿಯ ಕಡೀ ಮೂಲಿ

ನೀಲವ್ವ, ನಿಮ್ಮವ್ವ ಸಾಯೋತನಕ ಹುಚ್ಚರ ದವಾಖಾನ್ಯಾಗ ಉಳದದ್ದು ನನ್ನಿಂದ. ಆಕಿ ಆರಾಮಾಗಿದ್ದಳು, ಮನಿಗೆ ಹೊಂಟು ನಿಂತಿದ್ದಳು. ತಡದಾಕಿ ನಾನು — ಒಂದ ಸುಳ್ಳು ಹೇಳಿ.

ನಾ ಮಸ್ಕಿಯ ಶಾಂತವ್ವ. ನಿಜಾಮರ ರಾಜ್ಯ ಹೋದ ಹೊಸದಾಗ, ದೂರದ ಪಟ್ಟಣದ ಆ ದವಾಖಾನ್ಯಾಗ ಹೆಣ್ಣು ರೋಗಿಗಳಿಗೆ ಹೊಲಿಗಿ ಕಲಿಸೋ ನೌಕರಿ ಮಾಡತಿದ್ದೆ. ಕೈಗೆ ಕೆಲಸ ಹತ್ತಿದ್ರ ಮನಸು ತಾನ ದಾರಿಗೆ ಬರತದ ಅಂತ ಅಲ್ಲಿಯ ಡಾಕ್ಟರ್ ನಂಬಿದ್ರು. ನಿಮ್ಮವ್ವ ಗಂಗವ್ವ ಜವಳಗೇರಾದಿಂದ ಬಂದಾಗ ಬಾಯಿ ಬಿಡತಿರಲಿಲ್ಲ. ನಿನ್ನ ಬೆನ್ನಿಗೆ ಹುಟ್ಟಿದ ಕೂಸು ಹೋದ ಮ್ಯಾಲ ಹಂಗಾಗಿತ್ತಂತ. ನಾಕು ತಿಂಗಳು ಗ್ವಾಡಿ ನೋಡಕೋತ ಕುಂತಳು. ಒಂದಿನ ಹಳೇ ಸೀರಿ ತುಂಡು ಮುಂದ ಹಾಕಿ, ಸೂಜಿ ಕೈಗಿಟ್ಟೆ. ಯವ್ವಾ, ಏನು ಕೈ ಅದು! ಕೌದಿ ಹೊಲಿಯಾಕ ಕುಂತಳು. ಹೊಲಕೋತ ಹೊಲಕೋತ ಮಾತು ಬಂತು. ಮೊದಲು ಬಂದದ್ದ ನಿನ್ನ ಹೆಸರು. "ಇದು ನಮ್ಮ ನೀಲವ್ವಗ ಹೊಚ್ಚಾಕ" ಅಂದಳು.

ಕೌದಿ ನೋಡಿ ಡಾಕ್ಟರ್ ನನ್ನ ಹೊಗಳಿದ್ರು. ನಾನ ಕಲಿಸೀನ್ರೀ ಅಂದೆ. ಅಂಥಾ ಹೊಲಿಗಿ ನನಗ ಜನ್ಮದಾಗ ಬಂದಿಲ್ಲ — ಆಕಿ ಹೋದ್ರ ನನ್ನ ಬಂಡವಾಳ ಬಯಲಾಗತಿತ್ತು. ಅದಷ್ಟ ಅಲ್ಲ... ಆಕಿನ್ನ ಕರ್ಯಾಕ ಅಣ್ಣ ಬಂದಿದ್ದ, ಮನ್ಯಾಗ ಮಗಳು ಹಾದಿ ಕಾಯತಿದ್ದಳು. ಹದಿನಾರಕ್ಕ ಗಂಡನ್ನ ಕಳಕೊಂಡ ನನಗ ಯಾವ ಊರಾಗೂ ಕಾಯೋರಿರಲಿಲ್ಲ. ಹೊಟ್ಟಿಕಿಚ್ಚು, ಮತ್ತೇನು.

ನಿಮ್ಮ ಸೋದರಮಾವ ಸಿಂಧನೂರಿನ ಬಸ್ಸು ಹಿಡದು, ರೈಲು ಹತ್ತಿ, ಅಲ್ಲಿತನಕ ಬಂದಿದ್ದ. ಗಂಡಸರನ್ನ ಹೆಂಗಸರ ಕಡೆ ಬಿಡತಿರಲಿಲ್ಲ. ರೊಟ್ಟಿ ಬುತ್ತಿ ಒಳಗ ಕಳಿಸಿ ಗೇಟಿನ ಹತ್ತಿರ ಕುಂತಿದ್ದ. ಆಕಿನ್ನ ಮನಿಗೆ ಬಿಡೋ ಕಾಗದಕ್ಕ ಡಾಕ್ಟರ್ ಸಹಿ ಒಂದ ಬಾಕಿ. ನಿಮ್ಮವ್ವ ಕೌದಿಯ ಕಡೀ ಮೂಲಿಗೆ ಬಂದಿದ್ದಳು. ನಮ್ಮ ರೂಢಿ ನಿನಗ ಗೊತ್ತದಲ್ಲ — ಕೌದಿ ಮುಗಿಸೋವಾಗ ಕಡೀ ಮೂಲ್ಯಾಗ ರೊಟ್ಟಿ ಚೂರಿಟ್ಟು ಹೊಲಿತೀವಿ. ಕೌದಿ ಹೊಟ್ಟಿ ತುಂಬಿದ್ರ ಹೊಚ್ಚಿಕೊಂಡವರ ಹೊಟ್ಟೀನೂ ತುಂಬಿರತದ ಅಂತ. ಆಕಿ ಅಣ್ಣನ ಬುತ್ತಿಯಾಗಿಂದ ಚೂರು ಮುರದು ಒಳಗಿಟ್ಟಳು. ಅದ ಹೊತ್ತಿಗೆ ಡಾಕ್ಟರ್ ಬಂದ್ರು. ಬ್ಯಾರೆ ಸೀಮಿಯವರು.

"ಬಟ್ಟೆಯೊಳಗೆ ರೊಟ್ಟಿ ಮುಚ್ಚಿಡ್ತಾಳಲ್ಲ, ಶಾಂತಾಬಾಯಿ. ನಿಮ್ಮ ಕಡೆ ಹೀಗೆ ಮಾಡ್ತಾರೇನು?"

"ಇಲ್ರೀ ಸಾಹೇಬ್ರ. ನಾ ಎಲ್ಲೂ ಕಂಡಿಲ್ಲ."

ನಿಮ್ಮವ್ವ ನಕ್ಕಳು, ಚ್ಯಾಷ್ಟಿ ಮಾಡಾಕತ್ತೀನಿ ಅಂತ ತಿಳದು. "ಯಕ್ಕಾ, ನೀ ಮಸ್ಕಿಯಾಕಿ ಅಲ್ಲೇನಬೇ? ಹೇಳು ಅವರಿಗೆ." ನಾ ಕತ್ತರಿ ಹುಡುಕಿದಂಗ ಮಾಡಿದೆ. ಆಕಿ ನನ್ನ ಸೆರಗು ಹಿಡದಳು — "ಹೇಳಬೇ" — ಚೀರಿದಳು. ಚೀರಿದ್ದೂ ಕಾಗದದಾಗ ಸೇರಿತು: ಇನ್ನೂ ವಾಸಿಯಾಗಿಲ್ಲ. ಆಯಾ ಬಂದು ರೊಟ್ಟಿ ಚೂರು ತೆಗದು ಒಗದಳು. ಗೇಟಿನ ಹತ್ತಿರ ಕುಂತಿದ್ದ ನಿಮ್ಮ ಮಾವನ್ನ ಯಾರೂ ಕೇಳಲಿಲ್ಲ, ಒಬ್ಬಾತನ ತಿರುಗಿ ಹೋದ.

ಆಮ್ಯಾಲ ಆಕಿ ಸೂಜಿ ಮುಟ್ಟಲಿಲ್ಲ. ಮಾತೂ ಹೋತು. ಎರಡು ವರ್ಷಕ್ಕ ಜ್ವರ ಬಂದು ಸತ್ತಳು. ಆ ಎರಡು ವರ್ಷ ನಾ ದಿನಾ ಡಾಕ್ಟರ್ ಮುಂದ ಹಾದು ಹೋಗತಿದ್ದೆ. ಒಂದ ಮಾತು ಹೇಳಿದ್ರ — ಹೇಳಲಿಲ್ಲ.

ಕೌದಿ ನನ್ನ ಹತ್ತಿರ ಅದ. ಇಷ್ಟು ವರ್ಷ ನಾನ ಹೊಚ್ಚಿಕೊಂಡು ಮಲಗೀನಿ, ಅದನ್ನೂ ಕೇಳಿಕೋ. ಲಿಂಗಸುಗೂರಾಗ ನಿನ್ನ ಅತ್ತಿಮನಿಯವರು ಇವತ್ತಿಗೂ ನಿನಗ ಹುಚ್ಚೀ ಮಗಳು ಅಂತ ಕರೀತಾರಂತ, ಮೊನ್ನೆ ಕಿವಿಗೆ ಬಿತ್ತು. ಈ ಕಾಗದ ಮುಟ್ಟಿದ ಮರುದಿನ ನಾ ಬರತೀನಿ. ನೀರು ಕೊಡಬ್ಯಾಡ, ಕುಂಡ್ರು ಅನ್ನಬ್ಯಾಡ. ನಿಮ್ಮತ್ತಿನ್ನ, ಗಂಡನ್ನ, ಓಣಿಯವರನ್ನ ಎಲ್ಲಾರನ್ನೂ ಕರಿ. ಕಡೀ ಮೂಲಿ ಇನ್ನೂ ಬಿಚ್ಚೇ ಅದ. ಅದನ್ನ ಎತ್ತಿ ಹಿಡದು, ಅವತ್ತು ನುಂಗಿದ್ದು ಹೇಳತೀನಿ: ಹೌದ್ರೀ, ನಮ್ಮ ಕಡೆ ಹಿಂಗ ಮಾಡ್ತಾರ.