ಹೆಂಚಿನ ಸಾಹುಕಾರರ ತಂಪು ಕಾರು

ಮೊನ್ನೆ ಭಾನುವಾರ ಶ್ರೀನಿವಾಸಪುರದ ಮದುವೆಗೆ ಹೋಗುವಾಗ ನಿಮ್ಮ ಕಾರಿನ ಏಸಿಯಿಂದ ಒದ್ದೆ ಗೋಣಿಚೀಲದ ವಾಸನೆ ಬರುತ್ತಿತ್ತು. ನಿಮ್ಮಲ್ಲಿ ದೊಡ್ಡವನು ಮೂಗು ಸಿಂಡರಿಸಿ ಗಾಜು ಇಳಿಸಿದ. ಚಿಕ್ಕವಳು ನನ್ನ ಕಡೆ ತಿರುಗಿ, "ಅಜ್ಜಿ, ನಿಮ್ ಕಾಲ್ದಲ್ಲಿ ಏಸಿ ಕಾರೆಲ್ಲಾ ಇತ್ತಾ?" ಎಂದು ಕೇಳಿದಳು. ನಾನು "ಹೂಂ" ಎಂದೆ. ಅಷ್ಟಕ್ಕೇ ಸುಮ್ಮನಾದೆ.

ನನ್ನ ಮಾತು ಯಾವಾಗಲೂ ಹಾಗೆಯೇ. ಮಾಸ್ತಿ ಪಕ್ಕದ ನಮ್ಮೂರ ಶಾಲೆಗೆ ಇನ್‌ಸ್ಪೆಕ್ಟರು ಬಂದು ಹೆಸರು ಕೇಳಿದಾಗ ನನ್ನ ಹೆಸರನ್ನು ಪಕ್ಕದಲ್ಲಿ ಕೂತಿದ್ದ ಹುಡುಗಿ ಹೇಳಿದ್ದಳು. ಏಳನೇ ಕ್ಲಾಸು ಮುಗಿಯುವವರೆಗೂ ನನ್ನ ಪರವಾಗಿ ಅವಳೇ ಮಾತಾಡಿದಳೆಂದರೆ ಸುಳ್ಳಲ್ಲ. ಆದರೆ ಆ "ಹೂಂ" ಒಳಗೆ ಒಂದು ದೊಡ್ಡ ಕಾರೇ ಇತ್ತು. ಬಾಯಿಗೆ ಬಾರದ್ದು ಪೆನ್ನಿಗಾದರೂ ಬರಲಿ ಎಂದು ಬರೆಯುತ್ತಿದ್ದೇನೆ.

ನಿಮ್ಮ ತಾತ ಮದುವೆಯಾದಾಗ ಹಾಲು ತಣ್ಣಗೆ ಮಾಡುವ ಕೇಂದ್ರದಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದರು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಆ ಕೆಲಸ ಬಿಟ್ಟು, ಮಾಲೂರಿನಲ್ಲಿ ತಮ್ಮ ಅಣ್ಣನ ಜಾಗದಲ್ಲೇ ಒಂದು ತಗಡಿನ ಶೆಡ್ಡು ಹಾಕಿ ಫ್ರಿಜ್ಜು ರಿಪೇರಿ ಶುರು ಮಾಡಿದರು. ಊರಲ್ಲಿದ್ದ ಫ್ರಿಜ್ಜುಗಳನ್ನು ಒಂದು ಕೈ ಬೆರಳಲ್ಲಿ ಎಣಿಸಬಹುದಿತ್ತು. ಅವೂ ಕೆಡುತ್ತಿರಲಿಲ್ಲ. ನಮ್ಮ ಭಾವ, ಅಂದರೆ ತಾತನ ಅಣ್ಣ, ಹೆಂಚಿನ ಲಾರಿ ಓಡಿಸುತ್ತಿದ್ದವರು. ಬಾಯಲ್ಲಿ ಗಡಸು. ಲಕ್ಷಣವಾದ ಸಂಬಳದ ಕೆಲಸ ಬಿಟ್ಟನಲ್ಲ ಎಂದು ಅವರಿಗೆ ಸಿಟ್ಟು. ಆರು ವರ್ಷ ಒಂದೇ ಮನೆಯಲ್ಲಿದ್ದರೂ ನಾನು ಅವರೊಂದಿಗೆ ಮಾತಾಡಿರಲಿಲ್ಲ. ಭಾವನ ಎದುರು ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ನನಗೆ ಅದು ಪದ್ಧತಿಗಿಂತ ಹೆಚ್ಚಾಗಿ ಅನುಕೂಲವೇ ಆಗಿತ್ತು.

ಅಂಥ ಹೊತ್ತಿನಲ್ಲಿ ಹೆಂಚಿನ ಕಾರ್ಖಾನೆಯ ಸಾಹುಕಾರರು ಒಂದು ವಿದೇಶಿ ಕಾರು ತಂದು ಶೆಡ್ಡಿನ ಮುಂದೆ ನಿಲ್ಲಿಸಿದರು. ಆಗಲೇ ಇಪ್ಪತ್ತು ವರ್ಷದ ಹಳೇ ಕಾರು, ದೋಣಿಯಷ್ಟು ಉದ್ದ. ಅದರ ತಂಪಿನ ಯಂತ್ರ ಡಿಕ್ಕಿಯಲ್ಲಿತ್ತು. ಹಿಂದಿನ ಸೀಟಿನ ಬೆನ್ನಿಗೆ, ಗಾಜಿನ ಕೆಳಗೆ, ಒಂದು ಹಲಗೆ. ಅದರ ಎರಡು ತುದಿಯ ಕಿಂಡಿಗಳಿಂದ ತಣ್ಣನೆ ಗಾಳಿ ಬರಬೇಕು. ಬರುತ್ತಿದ್ದುದು ಬರೀ ಬಿಸಿಗಾಳಿ.

ಗ್ಯಾಸು ಸೋರುತ್ತಿದೆ ಎಂದರು ನಿಮ್ಮ ತಾತ. ಎಲ್ಲಿ ಎಂದು ಹುಡುಕುವುದಕ್ಕೆ ಬೇಕಾಗಿದ್ದು ಬಟ್ಟೆ ಸೋಪಿನ ನೊರೆ. ಅದನ್ನು ಮಾಡಿಕೊಟ್ಟವಳು ನಾನು. ಗಡ್ಡಕ್ಕೆ ಸೋಪು ಹಚ್ಚುವ ಹಳೇ ಬ್ರಷ್ಷಿನಿಂದ ಕೊಳವೆಯ ಒಂದೊಂದು ಗಂಟಿಗೂ ನೊರೆ ಹಚ್ಚುತ್ತಾ ಹೋದರು. ಒಂದು ಕಡೆ ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. "ಬಾರೇ ಇಲ್ಲಿ, ನೋಡು, ಉಸಿರು ಬಿಡ್ತಾ ಐತೆ" ಎಂದು ನನ್ನನ್ನು ಕರೆದು ತೋರಿಸಿದರು. ಆ ಜಾಗ ಬೆಸೆದು ಹೊಸ ಗ್ಯಾಸು ತುಂಬಿಸಿದ ಮೇಲೆ ಕಾರಿನೊಳಗೆ ಕೈಯಿಟ್ಟರೆ ಬಾವಿ ನೀರಿಗೆ ಇಳಿಸಿದ ಹಾಗಿತ್ತು.

ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಬಾಯಲ್ಲಿ ಹೇಳಲು ಬಾರದವಳು ಕೈಯಲ್ಲಿ ಹೇಳುತ್ತಾಳೆ. ಆಗೆಲ್ಲ ಮನೆಗೆ ಬೆಲೆಬಾಳುವ ವಸ್ತು ಬಂದರೆ ಅದಕ್ಕೊಂದು ಕ್ರೋಷಾ ಹೊದಿಕೆ ಹಾಕದಿದ್ದರೆ ಮರ್ಯಾದೆ ಕೊಟ್ಟಂತಾಗುತ್ತಿರಲಿಲ್ಲ. ರೇಡಿಯೋಗೆ, ಹೊಲಿಗೆ ಮಿಷನ್ನಿಗೆ, ನೀರಿನ ಹೂಜಿಗೂ ಕೂಡ. ಆ ಕಾರಿನ ಹಲಗೆಯ ಅಳತೆಗೆ ಬಿಳಿ ದಾರದಲ್ಲಿ ನವಿಲು ಹಾಕಿ ಹೆಣೆದೆ. ತೆಳ್ಳಗಾಯಿತೆಂದು ಕೆಳಗೆ ಕೋರಾ ಬಟ್ಟೆಯ ಅಸ್ತರು ಕೊಟ್ಟೆ. ಗಾಳಿ ಬರುವ ಎರಡು ಕಿಂಡಿಗಳನ್ನು ಮಾತ್ರ ಜಾಣತನದಿಂದ ಬಿಟ್ಟೆ. ನಡುವೆ ಉದ್ದಕ್ಕೆ ಒಂದು ಜಾಲರಿಯಿತ್ತು. ಅದರಿಂದ ಗಾಳಿ ಬರುತ್ತಿರಲಿಲ್ಲ. ಸುಮ್ಮನೆ ಧೂಳು ಹೋಗುತ್ತದೆ ಎಂದು ಮುಚ್ಚಿದೆ. ಸಾಹುಕಾರರ ಹೆಂಡತಿಗೆ ಅದು ಬಹಳ ಹಿಡಿಸಿತು.

ವಾರ ಕಳೆಯುವಷ್ಟರಲ್ಲಿ ಕಾರು ವಾಪಸ್ಸು ಬಂತು. ಅರ್ಧ ಗಂಟೆ ತಂಪಾಗಿರುತ್ತದೆ, ಆಮೇಲೆ ಬೇಯುತ್ತದೆ ಎಂದರು ಸಾಹುಕಾರರು. ನಿಮ್ಮ ತಾತ ಬೆಲ್ಟು ಬದಲಾಯಿಸಿದರು. ಎಂಜಿನ್ನಿನ ಮುಂದಿನ ಬಲೆಯ ಧೂಳು ತೊಳೆದರು. ಗ್ಯಾಸು ತೆಗೆದು ಮತ್ತೆ ತುಂಬಿದರು. ಶೆಡ್ಡಿನಲ್ಲಿ ಗಂಟೆಗಟ್ಟಲೆ ಓಡಿಸಿದರೂ ತಂಪು ಬರುತ್ತಲೇ ಇರುತ್ತಿತ್ತು. ಸಾಹುಕಾರರು ಹತ್ತಿ ಕೋಲಾರದ ಕಡೆ ಹೋದರೆ ನಿಂತುಹೋಗುತ್ತಿತ್ತು. ಮೂರು ವಾರ ಹೀಗೇ ಆಯಿತು. ತಾತ ಉಣ್ಣುವಾಗ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಹಾಗೇ ಕೂತುಬಿಡುತ್ತಿದ್ದರು.

ಶುಕ್ರವಾರ ಸಾಹುಕಾರರು ಮುಳಬಾಗಿಲಿನಿಂದ ತುಂಬು ಬಸುರಿ ಮಗಳನ್ನು ಹೆರಿಗೆಗೆ ಕರೆತರಬೇಕಿತ್ತು. ಕಡು ಬೇಸಿಗೆ. ಬುಧವಾರ ಭಾವ ನಡುಮನೆಯಲ್ಲಿ ನಿಂತು ಹೇಳಿಬಿಟ್ಟರು: "ಈ ಕಾರು ಆಗ್ಲಿಲ್ಲಾಂದ್ರೆ ಶೆಡ್ಡಿಗೆ ಬೀಗ ಹಾಕ್ಬಿಡು. ಹಾಲಿನೋರು ಇನ್ನೂ ಕರೀತಾವ್ರೆ, ಹೋಗಿ ಸೇರ್ಕೋ."

ಆ ಶೆಡ್ಡಿನ ತಗಡಿಗೆ ಬಣ್ಣ ಹೊಡೆಯುವಾಗ ನಿಮ್ಮ ತಾತ ಹಾಡಿಕೊಳ್ಳುತ್ತಿದ್ದುದು ನನಗೆ ನೆನಪಾಯಿತು. ಹಾಲಿನ ಕೇಂದ್ರದಲ್ಲಿದ್ದಾಗ ಅವರು ಹಾಡಿದ್ದನ್ನು ನಾನು ಕೇಳಿರಲಿಲ್ಲ.

ಗುರುವಾರ ಮಧ್ಯಾಹ್ನ ಕಾರನ್ನು ಕೋಲಾರದ ರಸ್ತೆಯಲ್ಲಿ ಓಡಿಸಿ ನೋಡುವುದೆಂದಾಯಿತು. ಭಾವ ಓಡಿಸುವುದು, ತಾತ ಪಕ್ಕದಲ್ಲಿ ಕೂತು ಎಂಜಿನ್ ಸದ್ದು ಕೇಳುವುದು. ಸಾಹುಕಾರರು ಕೂರುವ ಜಾಗದಲ್ಲಿ ಯಾರಾದರೂ ಇರಬೇಕಲ್ಲ, ತಣ್ಣಗಿದೆಯೋ ಇಲ್ಲವೋ ಹೇಳುವುದಕ್ಕೆ. ಹಾಗಾಗಿ ನನ್ನನ್ನು ಹಿಂದೆ ಕೂರಿಸಿದರು. ಮಾತೇ ಆಡದವಳನ್ನು ಹೇಳುವ ಕೆಲಸಕ್ಕೆ ಕೂರಿಸಿದ್ದರು! ಹತ್ತುವ ಮೊದಲು ಪೆಟ್ಟಿಗೆಯಲ್ಲಿದ್ದ ನನ್ನ ಹೊದಿಕೆಯನ್ನು ತಂದು ನೀಟಾಗಿ ಹಾಸಿದೆ. ಶೆಡ್ಡಿಗೆ ಕಾರು ಬಂದಾಗಲೆಲ್ಲ ತಾತ ಅದನ್ನು ಗ್ರೀಸು ತಾಗದಂತೆ ಮೊದಲು ತೆಗೆದು, ಮಡಿಸಿ ಇಟ್ಟು, ಸಾಹುಕಾರರಿಗೆ ಕೊಡುವಾಗ ಮತ್ತೆ ಹಾಸುತ್ತಿದ್ದರು.

ವಕ್ಕಲೇರಿ ಹತ್ತಿರ ಬರುವಾಗ ತಂಪು ಕಡಿಮೆಯಾಯಿತು. ಆದರೆ ಗಾಳಿ ಬಿಸಿಯಾಗಿರಲಿಲ್ಲ. ಅದುವರೆಗೆ ಪಟಪಟ ಅನ್ನುತ್ತಿದ್ದ ನನ್ನ ಸೆರಗು ಮಡಿಲಿಗೆ ಇಳಿದಿತ್ತು. ಗಾಳಿಯೇ ಬರುತ್ತಿರಲಿಲ್ಲ. ಹಿಂದೆ ತಿರುಗಿ ನೋಡಿದೆ. ಹೊದಿಕೆಯ ನಡುಭಾಗ ಹಲ್ಲಿಲ್ಲದ ಮುದುಕಿಯ ಕೆನ್ನೆಯಂತೆ ಜಾಲರಿಯೊಳಕ್ಕೆ ಸೆಳೆದುಕೊಂಡಿತ್ತು. ಒಂದು ಮೂಲೆ ಹಿಡಿದು ಎತ್ತಿದರೆ ಯಾರೋ ಒಳಗಿನಿಂದ ಎಳೆದ ಹಾಗಾಯಿತು. ಆ ಜಾಲರಿ ಗಾಳಿ ಬಿಡುವುದಲ್ಲ, ಎಳೆದುಕೊಳ್ಳುವುದು. ಅದರ ಬಾಯಿಗೆ ಅಸ್ತರಿನ ಬಟ್ಟೆ ಕಟ್ಟಿದವಳು ನಾನು.

ಸದ್ದಾಗದಂತೆ ಹೊದಿಕೆ ಕಿತ್ತು ಸೀರೆಯ ಕೆಳಗೆ ಸುತ್ತಿಟ್ಟುಕೊಂಡೆ. ಮುಂದೆ ತಾತ ಬೇಸತ್ತು ತಂಪು ಆರಿಸಿ ಫ್ಯಾನು ಮಾತ್ರ ಬಿಟ್ಟಿದ್ದರು. ಕಾಲು ಗಂಟೆಯಲ್ಲಿ ಗಾಳಿ ತಿರುಗಿ ಬಂತು. ತಂಪು ಹಾಕಿದರು. ತಣ್ಣಗೆ ಬಂತು. ನಿಮ್ಮ ತಾತನ ಕಿವಿಗಳು ಹಿಂದಿನಿಂದ ನೋಡಿದರೂ ನಗುತ್ತಿದ್ದವು. ನಿನ್ನೆ ತಾವು ಬಿಗಿ ಮಾಡಿದ ಯಾವುದೋ ಸ್ಕ್ರೂವಿನಿಂದ ಸರಿಯಾಯಿತೆಂದು ಅಣ್ಣನಿಗೆ ವಿವರಿಸತೊಡಗಿದರು.

ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಆದರೆ ನಾಳೆ ಸಾಹುಕಾರರ ಹೆಂಡತಿ ಹೊದಿಕೆ ಎಲ್ಲಿ ಎಂದು ಕೇಳುತ್ತಾರೆ. ಕಳೆದುಹೋಯಿತೆಂದರೆ ಇನ್ನೊಂದು ಹಾಸುತ್ತಾರೆ. ಆ ಬಸುರಿ ಹುಡುಗಿ ದಾರಿಯಲ್ಲಿ ಬೇಯುತ್ತಾಳೆ, ಶೆಡ್ಡಿಗೆ ಬೀಗ ಬೀಳುತ್ತದೆ, ಏಕೆಂದು ಇವರಿಗೆ ಕೊನೆಗೂ ಗೊತ್ತಾಗುವುದಿಲ್ಲ. ತಾತನ ಭುಜ ತಟ್ಟೋಣವೆಂದು ಕೈ ಚಾಚಿದೆ. ಬಾಯಿಂದ ಹೊರಟದ್ದು ಮಾತ್ರ ಬೇರೆ.

"ಭಾವ, ಗಾಡಿ ನಿಲ್ಸಿ. ತಪ್ಪು ನಂದು."

ಭಾವ ಬ್ರೇಕು ಹಾಕಿದ ರಭಸಕ್ಕೆ ನಾನು ಮುಂದಿನ ಸೀಟಿಗೆ ಬಡಿದುಕೊಂಡೆ. ರಸ್ತೆ ಬದಿಯ ಹುಣಸೆ ಮರದ ಕೆಳಗೆ ಇಳಿದು, ಹೊದಿಕೆ ಹಿಡಿದುಕೊಂಡು, ನೆಲ ನೋಡುತ್ತಾ ಎಲ್ಲ ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಆಮೇಲೆ ಭಾವ ಅಂದರು, "ಇನ್ನೊಂದ್ಸಲ ಹಾಸಮ್ಮ. ನೋಡ್ಬಿಡಾನ."

ಹಾಸಿದೆ. ಅರ್ಧ ಗಂಟೆ ಓಡಿಸುವಷ್ಟರಲ್ಲಿ ಗಾಳಿ ನಿಂತಿತು. ತಾತ ಡಿಕ್ಕಿ ತೆಗೆದು, ಯಂತ್ರದ ಮುಚ್ಚಳ ಬಿಚ್ಚಿದರೆ ಒಳಗಿನ ಕೊಳವೆಗಳ ಮೇಲೆ ಬೆರಳು ದಪ್ಪ ಮಂಜುಗಡ್ಡೆ. ಗಾಳಿ ಹಾಯದೆ ತೇವವೆಲ್ಲ ಅಲ್ಲೇ ಹೆಪ್ಪುಗಟ್ಟಿ ದಾರಿ ಮುಚ್ಚಿತ್ತು. ಕಾರು ಶೆಡ್ಡಿಗೆ ಬರುವಷ್ಟರಲ್ಲಿ ಅದು ಕರಗಿ ನೀರಾಗಿ ಸುರಿದುಹೋಗುತ್ತಿತ್ತು.

"ಮೂರು ವಾರ ಎಂಜಿನ್ ಬಿಚ್ಚಿದೆಯಲ್ಲೋ, ಒಂದ್ಸಲ ಹಿಂದೆ ತಿರುಗಿ ನೋಡ್ಬಾರ್ದಾಗಿತ್ತಾ?" ಎಂದರು ಭಾವ.

ತಾತ ನನ್ನ ಕಡೆ ನೋಡಿದರು. "ನಾನೇ ಕಣೇ ದಿನಾ ಮಡಿಸಿ ಇಡ್ತಿದ್ದಿದ್ದು" ಎಂದರು. ನಗು ಮೊದಲು ಯಾರಿಗೆ ಬಂತೋ ಗೊತ್ತಿಲ್ಲ. ಭಾವನಿಗೆ ಕೆಮ್ಮು ಬರುವವರೆಗೂ ನಿಲ್ಲಲಿಲ್ಲ.

ಶುಕ್ರವಾರ ಸಾಹುಕಾರರ ಮಗಳು ಮುಳಬಾಗಿಲಿನಿಂದ ದಾರಿಯುದ್ದಕ್ಕೂ ನಿದ್ದೆ ಮಾಡುತ್ತಾ ಬಂದಳಂತೆ. ಬೀಗದ ಮಾತು ಮತ್ತೆ ಬರಲಿಲ್ಲ. ಎಂಬತ್ತರ ದಶಕದಲ್ಲಿ ಫ್ರಿಜ್ಜುಗಳು ಹೆಚ್ಚಾದವು, ಶೆಡ್ಡಿಗೆ ಗೋಡೆ ಬಂತು. ರಿಪೇರಿಗೆ ಕರೆಯಲು ಬಂದವರನ್ನು ಭಾವ ಮೊದಲು ನನ್ನ ಹತ್ತಿರ ಕಳಿಸುತ್ತಿದ್ದರು: "ಅಲ್ಲಿ ನಮ್ಮಮ್ಮಣ್ಣಿ ಅವ್ಳೆ, ಏನಾಗ್ತೈತೆ ಅಂತ ಅವಳಿಗೆ ಸರಿಯಾಗಿ ಹೇಳಿ." ಗಂಡಸರು ಕೆಟ್ಟಿದೆ ಎಂದಷ್ಟೇ ಹೇಳುತ್ತಿದ್ದರು. ಹೆಂಗಸರು ಯಾವಾಗ, ಎಷ್ಟು ಹೊತ್ತು, ಯಾವ ಸದ್ದು ಎಂದು ಹೇಳುತ್ತಿದ್ದರು. ಕೇಳುವುದು ನನಗೆ ಮೊದಲಿನಿಂದಲೂ ಬರುತ್ತಿತ್ತು. ಪ್ರಶ್ನೆ ಕೇಳುವುದನ್ನು ಅಲ್ಲಿ ಕಲಿತೆ.

ನಿಮ್ಮ ತಾತ ಹೋದ ಮೇಲೆ ಮತ್ತೆ ನನ್ನ ಬಾಯಿ ಮುಚ್ಚಿಕೊಂಡಿತ್ತು. ಕೇಳುವುದಕ್ಕೆ ಯಾರೂ ಬರಲಿಲ್ಲ ಎಂದು ಅಂದುಕೊಂಡಿದ್ದೆ. ಬರೆಯುತ್ತಾ ಕೂತರೆ, ನಾನೇ ಎದ್ದು ಯಾರ ಹತ್ತಿರವೂ ಹೋಗಲಿಲ್ಲ ಅನಿಸುತ್ತಿದೆ.

ಈಗ ಕಿಟಕಿಯಾಚೆ ದೊಡ್ಡವನು ಕಾರಿನ ಬಾನೆಟ್ಟು ಎತ್ತಿಕೊಂಡು ನಿಂತಿದ್ದಾನೆ. ಕಿವಿಗೆ ಫೋನು ಇಟ್ಟುಕೊಂಡು ಯಾರಿಗೋ ಏಸಿ ಕೆಟ್ಟಿದೆ ಅನ್ನುತ್ತಿದ್ದಾನೆ, ಅಷ್ಟೇ ಅನ್ನುತ್ತಿದ್ದಾನೆ. ಪೆನ್ನಿಗೆ ಮುಚ್ಚಳ ಹಾಕುತ್ತಿದ್ದೇನೆ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತೇನೆ, ಅವನನ್ನು ಎರಡು ಪ್ರಶ್ನೆ ಕೇಳಬೇಕು.